‘ಏನೂ ಆಗಿಲ್ರಿ’ ಅಂದ ಮೇಲೆ

ಎದಿ ಹಿಡದಂಗ ಆಗತೈತಿ, ಅಂಗಾಲು ಉರೀತಾವ, ಮೈಯಾಗ ಕಸುವಿಲ್ಲ. ಇಸಿಜಿ, ಸ್ಕ್ಯಾನಿಂಗು, ಥೈರಾಯ್ಡು, ಬಿ12 ಎಲ್ಲ ನಾರ್ಮಲ್. ಡಾಕ್ಟರು ಫೈಲು ಮಡಚಿ ‘ನಿಮಗೇನೂ ಆಗಿಲ್ರಿ, ಟೆನ್ಷನ್ ಮಾಡ್ಕೋಬ್ಯಾಡ್ರಿ’ ಅಂತಾರೆ. ಅರ್ಧ ಚಿಕಿತ್ಸೆ ಇಲ್ಲೇ ಕೆಡುತ್ತದೆ. ನೋವು ತಿನ್ನುವವರಿಗೆ ಅದು ‘ಸುಳ್ಳು ಹೇಳ್ತೀರಿ’ ಅಂದಂತೆ ಕೇಳಿಸುತ್ತದೆ. ಮರುವಾರ ಇನ್ನೊಂದು ದವಾಖಾನೆ, ಇನ್ನೊಂದು ಸ್ಕ್ಯಾನಿಂಗು.

ಸ್ಕ್ಯಾನಿಂಗಿನಲ್ಲಿ ಗಡ್ಡೆ, ಕಲ್ಲು, ಬಾವು ಕಾಣುತ್ತವೆ. ಚುರುಕು ಹೆಚ್ಚಾದ ನರ ಕಾಣುವುದಿಲ್ಲ. ಗಾಬರಿಯಲ್ಲಿ ಏದುಸಿರು ಬಿಟ್ಟಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು ಜುಮುಜುಮು ಅನ್ನುತ್ತವೆ. ಎಂಆರ್‌ಐಗೆ ಅದು ಸಿಗದು, ಆದರೆ ಜುಮುಜುಮು ಖರೆ. ಇಷ್ಟು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಓಪಿಡಿಯಲ್ಲಿ ಅದೇ ಸಿಗುವುದಿಲ್ಲ ಅನ್ನಿ. ಇಂಥ ಕಾಯಿಲೆ ಗುರುತಿಸಲು ‘ಕಾರಣ ಸಿಗದ ನೋವು’ ಇರಬೇಕು ಅನ್ನುವ ಷರತ್ತನ್ನು ಮನೋರೋಗಗಳ ಅಮೆರಿಕನ್ ಕೈಪಿಡಿ, 2013ರ ಡಿಎಸ್‌ಎಂ-5, ಕೈಬಿಟ್ಟಿದೆ. ನೋವಿನ ಸುತ್ತ ಬೆಳೆದ ಚಿಂತೆ, ನಡವಳಿಕೆ ನೋಡಿ ಅನ್ನುತ್ತದೆ ಅದು.

ಮುಂದಿನ ತೊಡಕು ಬೇರೆ ಡಾಕ್ಟರಿಗೆ ಕಳಿಸುವ ಚೀಟಿಯದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಕಡೆ ‘ಧಾರವಾಡಕ್ಕ ಕಳಸ್ಬೇಕು’ ಅನ್ನೋದು ಇನ್ನೂ ಬೈಗುಳವೇ. ಅದಕ್ಕೇ ಮಾತು ಹೀಗಿರಲಿ: ‘ಬ್ಯಾನಿ ಖರೇನ ಐತ್ರಿ ಅಕ್ಕಾರ. ಅವರೂ ನೋಡ್ಲಿ, ನಾನೂ ಬಿಡಂಗಿಲ್ಲ. ನಾಲ್ಕು ವಾರಕ್ಕ ಬರ್ರಿ.’ ನೋವು ಇರಲಿ ಬಿಡಲಿ, ಆ ತಾರೀಖಿಗೆ ಬರಬೇಕು. ನೋವು ಬಂದಾಗಷ್ಟೇ ನೋಡಿದರೆ ಡಾಕ್ಟರನ್ನು ಕಾಣಲು ನೋವೇ ಟಿಕೆಟ್ ಆಗುತ್ತದೆ. ಪ್ರತಿ ಸಲ ಕೈಮುಟ್ಟಿ ಪರೀಕ್ಷೆ. ತೂಕ ಇಳಿಕೆ, ಜ್ವರ, ರಕ್ತ, ಕೈಕಾಲು ಸೋಲುವಂಥ ಹೊಸ ಲಕ್ಷಣ ಕಂಡರೆ ಮಾತ್ರ ಹೊಸ ಟೆಸ್ಟು.

ಕಸುವಿಲ್ಲ ಅಂತ ಏರಿಸಿಕೊಳ್ಳುವ ಸಲೈನ್ ಬೇರೆ. 500 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿಯಲ್ಲಿ ನೀರು ಬಿಟ್ಟರೆ ಇರುವುದು 4.5 ಗ್ರಾಂ ಉಪ್ಪು. ‘ಕಸುವು ಬಂತ್ರಿ’ ಅನ್ನುವುದು ಎರಡು ದಿನ, ಮೂರನೇ ದಿನ ಮತ್ತೆ ಬಾಟಲಿ. ನಿಜವಾಗಿ ಬೇಕಾದ ಗುಳಿಗೆಯದು ಉಲ್ಟಾ: ಖಿನ್ನತೆಯ ಗುಳಿಗೆ ಮೊದಲ ವಾರ ಬಾಯಿ ಒಣಗಿಸೀತು, ಹೊಟ್ಟೆ ತೊಳಸೀತು, ಗುಣ ಕಾಣಲು ವಾರಗಳೇ ಬೇಕು. ಮೊದಲೇ ಹೇಳದಿದ್ದರೆ ಎಂಟನೇ ದಿನ ಗುಳಿಗೆ ತಿಪ್ಪೆಗೆ.

ಮಾತಿನ ಚಿಕಿತ್ಸೆಗೆ ವಾರಕ್ಕೊಂದರಂತೆ 8-12 ಭೇಟಿ ಹಿಡಿಯಬಹುದು. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಟ್ಟು ಯಾರು ಬರುತ್ತಾರೆ? ಎರಡು ಭೇಟಿ ಎದುರಿಗೆ, ಉಳಿದವು ಫೋನಿನಲ್ಲಿ ಅಂದರೆ ಕೆಲವರಾದರೂ ಉಳಿಯುತ್ತಾರೆ. ನಡುವೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ, ಪುಕ್ಕಟೆ.

ಮನೆಯಲ್ಲಿ ಮಾಡುವುದು ನಡಿಗೆ: 10 ನಿಮಿಷ, ವಾರಕ್ಕೆ 2 ನಿಮಿಷ ಹೆಚ್ಚು. ನೋವಿದ್ದ ದಿನವೂ ಅಷ್ಟೇ. ಕೆಡುವುದು ಮೈ ಹಗುರಾದ ದಿನ. ಅವತ್ತೇ ಕೌದಿ ಒಗೆದು, ಮನೆಯೆಲ್ಲ ಸಾರಿಸಿ, ಮರುದಿನ ಹಾಸಿಗೆ ಹಿಡಿಯುತ್ತಾರೆ.