ಹೆಬ್ರಿಯ ನಾಗಬನದಲ್ಲಿ ಕಪ್ಪೆಗಳ ಊಟದ ಹೊತ್ತು

ಮಳೆಗಾಲದಲ್ಲಿ ಉಡುಪಿಯಿಂದ ಆಗುಂಬೆ ದಾರಿ ಹಿಡಿದವರೆಲ್ಲ ಜಲಪಾತ ನೋಡಿ ಬರುತ್ತಾರೆ. ನಾವು ಹೋದದ್ದು ಕಪ್ಪೆ ಏನು ತಿನ್ನುತ್ತದೆ ಅಂತ ನೋಡಲು. ಮನೆಯಲ್ಲಿ ನಕ್ಕರು, ನಗಲಿ ಬಿಡಿ.

ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿ. ದಾರಿಯುದ್ದಕ್ಕೂ ಹಸಿರೋ ಹಸಿರು. ಆದರೆ ಸರಿಯಾಗಿ ನೋಡಿದರೆ ಒಂದು ತುಂಡು ಕಾಡು, ಪಕ್ಕದಲ್ಲಿ ರಬ್ಬರ್, ಆಮೇಲೆ ಅಡಿಕೆ, ಗದ್ದೆ, ನಾಲ್ಕು ಮನೆ, ಮತ್ತೆ ಒಂದು ತುಂಡು ಕಾಡು. ಸೋಮೇಶ್ವರ ಅಭಯಾರಣ್ಯದೊಳಗೆ ರಾತ್ರಿ ಹೊತ್ತು ಸುಮ್ನೆ ಟಾರ್ಚ್ ಹಿಡಿದು ನುಗ್ಗುವ ಹಾಗಿಲ್ಲ. ಹಾಗಾಗಿ ಗೆಳೆಯನ ತೋಟದ ಮನೆಯಲ್ಲೇ ಉಳಿದೆವು, ಹಿಂದೆಯೇ ಒಂದು ಹಳೆಯ ನಾಗಬನ.

ಮೊದಲ ಆಟ ಅಂಗಳದ ಬಲ್ಬಿನ ಕೆಳಗೇ ಸಿಕ್ಕಿತು. ಮಳೆ ಬಿಟ್ಟಿತ್ತು, ರೆಕ್ಕೆ ಬಂದ ಗೆದ್ದಲು ರಾಶಿ ರಾಶಿ ಬೀಳುತ್ತಿತ್ತು. ಮೈಯೆಲ್ಲ ಗುಳ್ಳೆಯಿರುವ ನೆಲಗಪ್ಪೆಯೊಂದು ಕೂತಲ್ಲಿಂದ ಏಳದೆ ಒಂದೊಂದನ್ನೇ ಎಳೆದುಕೊಳ್ಳುತ್ತಿತ್ತು. ನಾಲಿಗೆ ಹೊರಗೆ ಬಂದದ್ದು ಕಾಣುವುದೇ ಇಲ್ಲ, ಹುಳ ಮಾಯವಾದದ್ದು ಮಾತ್ರ ಗೊತ್ತಾಗುತ್ತದೆ. ಅದರ ನಾಲಿಗೆಯ ಬುಡ ಇರುವುದು ಬಾಯಿಯ ಮುಂದುಗಡೆ, ಹಿಂದಿನ ತುದಿ ಮಗುಚಿಕೊಂಡು ಹೊರಕ್ಕೆ ಹಾರುತ್ತದೆ. ಹಲ್ಲಿಲ್ಲ, ಅಗಿಯುವ ಮಾತೇ ಇಲ್ಲ. ನುಂಗುವಾಗ ಕಣ್ಣು ಮುಚ್ಚಿ ಒಳಕ್ಕೆ ಇಳಿಯುತ್ತದೆ, ಆ ಕಣ್ಣುಗುಡ್ಡೆಗಳೇ ಒಳಗಿನಿಂದ ಒತ್ತಿ ಹುಳವನ್ನು ಗಂಟಲಿಗೆ ತಳ್ಳುತ್ತವೆ. ನೋಡುವವರಿಗೆ ಅದು ಪ್ರತಿ ತುತ್ತಿಗೂ ಕಣ್ಮುಚ್ಚಿ ಸವಿಯುವಂತೆ ಕಾಣುತ್ತದೆ! ಗೆಳೆಯ ಸತ್ತ ಗೆದ್ದಲೊಂದನ್ನು ಮುಂದೆ ಇಟ್ಟ. ತಿರುಗಿಯೂ ನೋಡಲಿಲ್ಲ. ಕಡ್ಡಿಯಿಂದ ಅದನ್ನೇ ಸ್ವಲ್ಪ ಜರುಗಿಸಿದ ಕೂಡಲೇ ತಿರುಗಿ ಕೂತಿತು. ಅಲುಗಾಡಿದರೆ ಮಾತ್ರ ಅದಕ್ಕೆ ಊಟ.

ಬೆಳಿಗ್ಗೆ ಜಗಲಿ ಮೂಲೆಯಲ್ಲಿ ಅದರ ಹಿಕ್ಕೆ ಇತ್ತು. ತೆಂಗಿನ ಚಿಪ್ಪಿನಲ್ಲಿ ನೀರು ಹಾಕಿ ಬಿಡಿಸಿದೆವು (ಹೌದು, ತಿಂಡಿಗೆ ಮೊದಲೇ). ಒಳಗೆ ಇದ್ದದ್ದು ಹೆಚ್ಚಾಗಿ ಇರುವೆ ತಲೆಗಳು, ಜೊತೆಗೆ ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪಿನ ಚೂರು. ಸಂಶೋಧಕರು ಕಪ್ಪೆಯ ಹೊಟ್ಟೆಗೆ ಸಣ್ಣ ಕೊಳವೆಯಲ್ಲಿ ನೀರು ಬಿಟ್ಟು ತಿಂದದ್ದನ್ನು ಹೊರಗೆ ತರಿಸಿ, ನೋಡಿ, ಕಪ್ಪೆಯನ್ನು ವಾಪಸ್ ಬಿಡುತ್ತಾರೆ. ನಮ್ಮಂಥವರಿಗೆ ಹಿಕ್ಕೆ ಸಾಕು.

ಗದ್ದೆಯ ಕಡೆ ಗೋಂಕುರು ಕಪ್ಪೆಗಳ ದರ್ಬಾರು. ಗಂಡುಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಇವಕ್ಕೆ ಇಂಥದ್ದೇ ಬೇಕು ಅಂತಿಲ್ಲ, ಬಾಯಿಗೆ ಹಿಡಿಸಿದರೆ ಆಯಿತು: ಹುಳ, ಏಡಿ, ಇಲಿಮರಿ, ಬೇರೆ ಕಪ್ಪೆ ಕೂಡ. ಒಂದು ಕಾಲದಲ್ಲಿ ಇವುಗಳ ಕಾಲು ವಿದೇಶಕ್ಕೆ ಹೋಗುತ್ತಿತ್ತು, 1987ರಲ್ಲಿ ಆ ರಫ್ತು ನಿಂತಿತು. ಗದ್ದೆಯ ಕೀಟ ತಿನ್ನುವವರನ್ನೇ ಹಿಡಿದು ಮಾರಿದರೆ ಹೇಗೆ, ಅಲ್ವಾ?

ಬನದೊಳಗೆ ಕಥೆಯೇ ಬೇರೆ. ನೆಲದಲ್ಲಿ ತರಗೆಲೆ ಒದ್ದೆಯಾಗಿ, ದಪ್ಪಗೆ. ಎಲೆ ಸರಿಸಿದರೆ ಪುಟ್ಟ ಇರುವೆ, ಗೆದ್ದಲು, ನುಸಿ. ಪೊದೆಯಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಪೊದೆಗಪ್ಪೆಗಳು ಟಿಕ್ ಟಿಕ್ ಅನ್ನುತ್ತಿದ್ದವು. ಇವಕ್ಕೆ ಗೊದಮೊಟ್ಟೆಯ ಹಂತವೇ ನೀರಲ್ಲಿಲ್ಲ, ಮೊಟ್ಟೆಯಿಂದ ನೇರ ಮರಿಕಪ್ಪೆಯೇ ಬರುತ್ತದೆ. ಹಾಗಾಗಿ ಕೆರೆ ಇಲ್ಲದಿದ್ದರೂ ನಡೆಯುತ್ತದೆ, ತೇವ ಇಲ್ಲದಿದ್ದರೆ ನಡೆಯುವುದಿಲ್ಲ. ಬೇಲಿ ದಾಟಿ ರಬ್ಬರ್ ತೋಟಕ್ಕೆ ಬಂದರೆ ಆ ಟಿಕ್ ಟಿಕ್ ನಿಂತೇ ಹೋಯಿತು. ಅಲ್ಲಿ ಸಿಕ್ಕಿದ್ದು ಮತ್ತೆ ಅದೇ ನೆಲಗಪ್ಪೆ. ನನಗನ್ನಿಸಿದ್ದು ಇಷ್ಟೇ: ಕಾಡು ತುಂಡಾದರೂ ಕಪ್ಪೆ ಇದ್ದೇ ಇರುತ್ತದೆ, ಆದರೆ ಬಲ್ಬಿನ ಕೆಳಗೂ ಹೊಟ್ಟೆ ತುಂಬಿಸಿಕೊಳ್ಳಬಲ್ಲ ಕಪ್ಪೆಗಳೇ ಜಾಸ್ತಿ. ಸಣ್ಣ ಬಾಯಿಯವರ ಊಟ ತರಗೆಲೆಯ ಜೊತೆ ಒಣಗಿ ಹೋಗುತ್ತದೆ.

ವಾಪಸ್ ಬರುವಾಗ ಮಂಗಳೂರಿನ ಬಂದರಿನ ಕಡೆ ಗಾಡಿ ತಿರುಗಿಸಿದೆವು. ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ ಸಿಕ್ಕ ಪುಟ್ಟ ಕಪ್ಪೆಯನ್ನು 2018ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿ, ಕೊಂಕಣಿಯಲ್ಲಿ ಮಂಗಳೂರಿಗಿರುವ ಕೊಡಿಯಾಲ ಎಂಬ ಹೆಸರನ್ನೇ ಇಟ್ಟರು: ಮೈಕ್ರೋಹೈಲಾ ಕೊಡಿಯಾಲ್. ಇದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದವರು, ದಿಮ್ಮಿಯ ಜೊತೆ ಹಡಗಲ್ಲಿ ಬಂದಿರಬಹುದು ಅನ್ನುವ ಊಹೆಯೂ ಇದೆ. ಈ ಕುಲದವರೆಲ್ಲ ಕಿರುಬಾಯಿಯವರು, ಇರುವೆ ಗೆದ್ದಲು ತಿಂದೇ ಬದುಕುವವರು. ಲಾರಿ ಓಡಾಡುವ ರಸ್ತೆ ಪಕ್ಕ ನಿಂತು ಕಿವಿಗೊಟ್ಟೆವು, ಹಾರ್ನ್ ಬಿಟ್ಟು ಬೇರೇನೂ ಕೇಳಲಿಲ್ಲ.

ಹೋಗುವವರಿಗೆ ಒಂದು ಮಾತು. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ, ಅವು ಚರ್ಮದಿಂದಲೇ ಹೀರಿಕೊಳ್ಳುತ್ತವೆ. ಇಂಬಳಕ್ಕೆ ಉಪ್ಪು ಕಾಲಿಗೆ ಹಚ್ಚಿಕೊಳ್ಳಿ, ನೆಲಕ್ಕೆ ಚೆಲ್ಲಬೇಡಿ.