ಸ್ಟೆಮ್ ಸೆಲ್ ಯಾವ ಸ್ಟೇಜಲ್ಲಿದೆ ಅಂತ ಮೊದ್ಲು ನೋಡಿ

ನಾನು ಸ್ಟೆಮ್ ಸೆಲ್ ಲ್ಯಾಬಲ್ಲಿ ಕಲ್ಚರ್, ಅಂದ್ರೆ ಡಿಶ್ಶಲ್ಲಿ ಸೆಲ್ ಬೆಳೆಸೋ ಕೆಲ್ಸ, ನೋಡ್ಕೊಳ್ಳೋನು. ಹೊಸಬ್ರು ಬಂದಾಗ ಕೇಳೋದು ಹೆಚ್ಚುಕಮ್ಮಿ ಒಂದೇ, "ಪ್ಲೂರಿಪೊಟೆಂಟ್ ಅಂದ್ರೆ ಯಾವ ಸೆಲ್ ಬೇಕಾದ್ರೂ ಆಗತ್ತಲ್ವಾ ಸರ್, ಮತ್ಯಾಕೆ ಇಷ್ಟೊಂದು ಚೆಕ್ಕಿಂಗು?" ಆಗತ್ತಪ್ಪಾ, ಆದ್ರೆ ಎಲ್ಲಾ ಹೊತ್ತಲ್ಲೂ ಎಲ್ಲಾನೂ ಆಗಲ್ಲ.

1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಥಾಮ್ಸನ್ ಮನುಷ್ಯನ ಭ್ರೂಣದಿಂದ ಬೆಳೆಸಿದ್ದು, 2007ರಲ್ಲಿ ಜಪಾನಿನ ಯಮನಾಕಾ ತಂಡ ಚರ್ಮದ ಸೆಲ್ಲಿಂದ ಮಾಡಿದ್ದು, ಎರಡೂ ಪ್ರೈಮ್ಡ್ ಸೆಲ್ಲುಗಳೇ, ಅಂದ್ರೆ ಗರ್ಭಕೋಶಕ್ಕೆ ಅಂಟ್ಕೊಂಡ ಮೇಲಿನ ಭ್ರೂಣಕ್ಕೆ ಹತ್ರ ಇರೋವು. ಅದಕ್ಕೂ ಹಿಂದಿನದು ನೈವ್ ಸ್ಟೇಜು, ಇದನ್ನ 2014ರಲ್ಲಿ ಕೇಂಬ್ರಿಡ್ಜಿನ ಆಸ್ಟಿನ್ ಸ್ಮಿತ್ ತಂಡ, ಅಮೆರಿಕದಲ್ಲಿ ರುಡಾಲ್ಫ್ ಯೇನಿಶ್ ತಂಡ ಡಿಶ್‌ನಲ್ಲಿ ಹಿಡಿದಿಟ್ರು.

ಮೈಕ್ರೋಸ್ಕೋಪಲ್ಲಿ ಪ್ರೈಮ್ಡ್ ಕಾಲನಿ ಚಪ್ಪಟೆಯಾಗಿ ಹರಡಿರತ್ತೆ, ನೈವ್ ಕಾಲನಿ ಸಣ್ಣಗೆ, ಪಡ್ಡು ಥರ ಉಬ್ಬಿ ಹೊಳೀತಾ ಇರತ್ತೆ. ಒಳಗಡೆ ವ್ಯತ್ಯಾಸ ಇನ್ನೂ ದೊಡ್ಡದು, ನೈವಲ್ಲಿ ಡಿಎನ್ಎ ಮೇಲಿನ ಮೀಥೈಲ್ ಗುರುತು (ಜೀನ್ ಸುಮ್ಮನಿರಿಸೋಕೆ ಸಹಾಯ ಮಾಡೋ ಕೆಮಿಕಲ್ ಗುರುತು) ಬಹಳಷ್ಟು ಅಳಿಸಿಹೋಗಿರತ್ತೆ, ಹೆಣ್ಣು ಸೆಲ್ಲಾದ್ರೆ ಎರಡೂ ಎಕ್ಸ್ ಕ್ರೋಮೋಸೋಮ್ ಕೆಲ್ಸ ಮಾಡ್ತಿರತ್ತೆ.

ಈಗ ನೈವ್ ಸೆಲ್ಲಿಗೆ ನೇರವಾಗಿ ನ್ಯೂರಾನ್ ಆಗೋ ಸಿಗ್ನಲ್ ಕೊಟ್ರೆ ಅದು ಸರಿಯಾಗಿ ಆ ಕಡೆ ಹೋಗಲ್ಲ. ಮೊದ್ಲು ಕೆಪಾಸಿಟೇಶನ್, ಅಂದ್ರೆ ಆ ಸಿಗ್ನಲ್ ಕೇಳೋಕೆ ತಯಾರಾಗೋದು, ಆಗ್ಬೇಕು: ಸೆಲ್ಲನ್ನ ನೈವಲ್ಲಿ ಹಿಡಿದಿಟ್ಟಿರೋ, ಸಿಗ್ನಲ್ ತಡೆಯೋ ಕೆಮಿಕಲ್ಲುಗಳಾದ ಇನ್ಹಿಬಿಟರ್‌ಗಳನ್ನ ತೆಗೆದು, ಎಕ್ಸ್‌ಎವಿ939 ಅನ್ನೋ ಕೆಮಿಕಲ್ ಹಾಕಿ ಸೆಲ್ಲಿನ ವಿಂಟ್ ಅನ್ನೋ ಸಿಗ್ನಲ್ ತಡೆದು, ಹತ್ತು ದಿನ ಅಥ್ವಾ ಇನ್ನೂ ಸ್ವಲ್ಪ ಜಾಸ್ತಿ ಕಾಯ್ಬೇಕು. ಕೆಎಲ್ಎಫ್17 ಥರದ ನೈವ್ ಮಾರ್ಕರ್ (ನೈವ್ ಅಂತ ಗುರುತಿಸೋಕೆ ನೋಡೋ ಜೀನ್) ಮೊದಲ ಕೆಲವು ದಿನದಲ್ಲೇ ಇಳಿದುಬಿಡತ್ತೆ, ಕಾಲನಿನೂ ಚಪ್ಪಟೆ ಆಗ್ತಾ ಬರತ್ತೆ, ಅದನ್ನ ನೋಡಿ ರೆಡಿ ಆಯ್ತು ಅಂತ ಡಿಫರೆನ್ಶಿಯೇಶನ್ (ಬೇಕಾದ ಸೆಲ್ಲಾಗಿ ಬದಲಾಯಿಸೋದು) ಶುರು ಮಾಡ್ಬೇಡಿ, ಹಳೇದು ಬಿಟ್ಟಿರತ್ತೆ, ಹೊಸದಿನ್ನೂ ಬಂದಿರಲ್ಲ. ಈ ಮಧ್ಯದ ದಿನಗಳೇ ನಮ್ಮ ಕೆಲ್ಸದಲ್ಲಿ ನಂಗೆ ಅತೀ ಇಷ್ಟವಾದ ಭಾಗ.

ಇನ್ನೊಂದು, ಶಕ್ತಿ ಬರೀ ಜಾಸ್ತಿ ಆಗ್ತಾ ಹೋಗಲ್ಲ. ನೈವ್ ಸೆಲ್ಲಿಂದ ಮಾಸು ಕಟ್ಟೋ ಟ್ರೋಫೋಬ್ಲಾಸ್ಟ್ ಸಲೀಸಾಗಿ ಬರತ್ತೆ, ಪ್ರೈಮ್ಡ್ ಕಡೆ ಹೋದ್ಮೇಲೆ ಆ ಸಾಮರ್ಥ್ಯ ಬಹುತೇಕ ಹೋಗತ್ತೆ. ವಾಪಸ್ ನೈವ್ ಮಾಡೋಕೆ ದಾರಿ ಇದೆ, ಆದ್ರೆ ಅಲ್ಲಿ ಅಳಿಸಿಹೋದ ಇಂಪ್ರಿಂಟ್ ಗುರುತು (ಜೀನ್ ಅಪ್ಪಂದಾ ಅಮ್ಮಂದಾ ಅಂತ ಹೇಳೋ ಮೀಥೈಲ್ ಗುರುತು) ಮತ್ತೆ ಪ್ರೈಮ್ಡ್ ಮಾಡಿದ್ರೂ ತಿರುಗಿ ಬರಲ್ಲ, ಕ್ರೋಮೋಸೋಮ್ ಏರುಪೇರೂ ಆಗ್ಬೋದು.

ಅದಕ್ಕೇ ಫ್ರೀಜ್ ಮಾಡೋ ವಯಲ್ ಮೇಲೆ ಬರೀ ಲೈನ್ ಹೆಸ್ರು, ಪ್ಯಾಸೇಜ್ ನಂಬರ್ (ಎಷ್ಟು ಸಲ ಹೊಸ ಡಿಶ್ಶಿಗೆ ಹಾಕಿದ್ದು) ಸಾಕಾಗಲ್ಲ. ನೈವಾ ಪ್ರೈಮ್ಡಾ, ಯಾವ ಮೀಡಿಯಾ (ಸೆಲ್ ಬೆಳೆಯೋ ದ್ರವ), ನೈವ್ ಬಿಟ್ಟು ಎಷ್ಟನೇ ದಿನ, ಕೊನೇ ಸಲ ಕ್ಯಾರಿಯೋಟೈಪ್ (ಕ್ರೋಮೋಸೋಮ್ ಸರಿ ಇದ್ಯಾ ಅನ್ನೋ ಪರೀಕ್ಷೆ) ಯಾವಾಗ ನೋಡಿದ್ದು, ಇಷ್ಟೂ ಬರೀರಿ.