ಸೆಲ್ಮಾಗೆ ಹೋಗುವವರಿಗೆ: ಸೇತುವೆ ಮಾತ್ರ ನೋಡಿ ವಾಪಸ್ ಬರಬೇಡಿ

ಅಮೆರಿಕದ ದಕ್ಷಿಣ ಭಾಗದಲ್ಲಿ, ಅಲಬಾಮಾ ರಾಜ್ಯದಲ್ಲಿರುವ ಚಿಕ್ಕ ಊರು ಸೆಲ್ಮಾ. 1965ರಲ್ಲಿ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟ ಕಪ್ಪು ಜನ ಪೊಲೀಸರಿಂದ ಏಟು ತಿಂದದ್ದು ಇಲ್ಲಿನ ಎಡ್ಮಂಡ್ ಪೆಟಸ್ ಸೇತುವೆಯಲ್ಲಿ. ಕಾರು ನಿಲ್ಲಿಸಿ, ಆ ಸೇತುವೆ ಮುಂದೆ ಫೋಟೊ ತೆಗೆದುಕೊಂಡು ಹೊರಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಊರಿಗೆ ಒಂದು ಪೂರ್ತಿ ದಿನ ಕೊಡಿ.

ಅಟ್ಲಾಂಟಾದಿಂದ ಮಾಂಟ್ಗೊಮೆರಿಗೆ ಸುಮಾರು ಎರಡೂವರೆ ಗಂಟೆ ಡ್ರೈವ್. ಅಲ್ಲಿಂದ ಹೈವೇ 80ರಲ್ಲಿ ಇನ್ನೊಂದು ಗಂಟೆ. ಅಲಬಾಮಾ ಸಮಯ ಅಟ್ಲಾಂಟಾಕ್ಕಿಂತ ಒಂದು ಗಂಟೆ ಹಿಂದೆ, ನೆನಪಿರಲಿ. ಬೇಸಿಗೆಯಲ್ಲಿ ಸೆಖೆ ತಡೆಯಕ್ಕಾಗಲ್ಲ, ಬೆಳಿಗ್ಗೆಯೇ ಊರು ಸೇರಿಕೊಳ್ಳಿ. ಮಾರ್ಚ್ ಮೊದಲ ವಾರ ಪ್ರತಿ ವರ್ಷ ಸೇತುವೆ ದಾಟುವ ಸ್ಮರಣೆ ನಡೆಯುತ್ತದೆ. ನೋಡುವಂಥದ್ದೇ, ಆದರೆ ಆಗ ಊರು ತುಂಬಾ ಜನ.

ಶುರು ಮಾಡಬೇಕಾದದ್ದು ಸೇತುವೆಯಿಂದಲ್ಲ, ಬ್ರೌನ್ ಚಾಪೆಲ್ ಚರ್ಚ್‌ನಿಂದ. ಕೆಂಪು ಇಟ್ಟಿಗೆ, ಎರಡು ಗೋಪುರ, ದೂರದಿಂದಲೇ ಕಾಣುತ್ತದೆ. ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಆಗ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಆದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವರಲ್ಲಿ ನೂರಕ್ಕೆ ಇಬ್ಬರು ಮೂವರಿಗೂ ಬಿಟ್ಟಿರಲಿಲ್ಲ. ಹತ್ತಿರದ ಮೇರಿಯನ್ ಊರಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕನಿಗೆ ಪೊಲೀಸನೊಬ್ಬ ಗುಂಡು ಹೊಡೆದ, ಆತ ತೀರಿಕೊಂಡ. ಆ ಸಿಟ್ಟು, ಸಂಕಟ ಹೊತ್ತು ಸುಮಾರು 600 ಜನ 1965ರ ಮಾರ್ಚ್ 7ರ ಭಾನುವಾರ ಈ ಚರ್ಚ್‌ನಿಂದ ರಾಜ್ಯದ ರಾಜಧಾನಿ ಮಾಂಟ್ಗೊಮೆರಿ ಕಡೆಗೆ ಹೊರಟರು.

ನೀವೂ ಅಲ್ಲಿಂದ ಸೇತುವೆಗೆ ನಡೆದೇ ಹೋಗಿ. ದೂರ ಏನಿಲ್ಲ. ಸೇತುವೆ ನಡುವೆ ಉಬ್ಬಿದೆ. ಊರ ಕಡೆಯಿಂದ ಹತ್ತುವಾಗ ಆಚೆ ದಡ ಕಾಣುವುದೇ ಇಲ್ಲ. ಎತ್ತರದ ಜಾಗಕ್ಕೆ ಬಂದಾಗಲೇ ಮುಂದಿನ ರಸ್ತೆ ಪೂರ್ತಿ ಕಣ್ಣಿಗೆ ಬೀಳುತ್ತದೆ. ಅಂದು ಅದೇ ಜಾಗಕ್ಕೆ ಬಂದ ಮೇಲೆ ಅವರಿಗೆ ಕಂಡಿದ್ದು ಸಾಲಾಗಿ ನಿಂತ ಪೊಲೀಸರು, ಕುದುರೆ ಸವಾರರು. ಲಾಠಿ ಏಟು, ಅಶ್ರುವಾಯು. ಮೆರವಣಿಗೆಯ ಮುಂದಾಳು, 25 ವರ್ಷದ ಜಾನ್ ಲೂಯಿಸ್ ತಲೆಬುರುಡೆ ಬಿರುಕು ಬಿಟ್ಟಿತು. ಇಷ್ಟು ಗೊತ್ತಿದ್ದೂ ಅಲ್ಲಿ ನಿಂತರೆ ಕಾಲು ಮುಂದೆ ಬರುವುದಿಲ್ಲ. ಕಾರಿನಲ್ಲಿ ದಾಟಿದರೆ ಇದು ತಿಳಿಯುವುದೇ ಇಲ್ಲ. ಅದೇ ವರ್ಷ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು.

ಅಂದು ಮಕ್ಕಳಾಗಿ ನಡೆದ ಕೆಲವರು ಇನ್ನೂ ಊರಲ್ಲಿದ್ದಾರೆ. ಯಾರಾದರೂ ಸಿಕ್ಕಿ ಮಾತಾಡಿಸಿದರೆ ಅವಸರ ಮಾಡಬೇಡಿ, ನಿಂತು ಕೇಳಿ.

ಆಮೇಲೆ ಓಲ್ಡ್ ಲೈವ್ ಓಕ್ ಸ್ಮಶಾನಕ್ಕೆ ಹೋಗಲೇಬೇಕು. ದೊಡ್ಡ ಓಕ್ ಮರಗಳು, ಕೊಂಬೆಗಳಿಂದ ಇಳಿಬಿದ್ದ ಬೂದು ಬಣ್ಣದ ಪಾಚಿ. ಸೇತುವೆಗೆ ಹೆಸರು ಕೊಟ್ಟ ಪೆಟಸ್ ಸಮಾಧಿ ಇಲ್ಲೇ ಇದೆ. ಆತ ಗುಲಾಮಗಿರಿಯ ಪರ ಹೋರಾಡಿದ ಸೈನ್ಯದ ಜನರಲ್. ಆ ಸೈನ್ಯದ ಸ್ಮಾರಕವೂ ಇದೆ. ಅದೇ ಸ್ಮಶಾನದಲ್ಲಿ ಬೆಂಜಮಿನ್ ಟರ್ನರ್ ಸಮಾಧಿಯೂ ಇದೆ. ಗುಲಾಮನಾಗಿ ಹುಟ್ಟಿ, ಅಲಬಾಮಾದಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದ ಮೊದಲ ಕಪ್ಪು ವ್ಯಕ್ತಿ ಆತ. ಈ ಊರು ಯಾರನ್ನು ನೆನೆಯುತ್ತದೆ ಎಂಬ ಜಗಳ ಅರ್ಥವಾಗಬೇಕಾದರೆ ಸೇತುವೆಯಷ್ಟೇ ಈ ಸ್ಮಶಾನವೂ ಮುಖ್ಯ ಅಂತ ನನಗನಿಸುತ್ತದೆ.

ಊಟದ ವಿಷಯ. ಸಸ್ಯಾಹಾರಿಗಳು ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಇಲ್ಲಿ ಸೊಪ್ಪು, ಕಾಳಿನ ಪಲ್ಯಕ್ಕೂ ಹಂದಿ ಮಾಂಸ ಹಾಕುವ ರೂಢಿ ಇದೆ, ಕೇಳಿಯೇ ತಿನ್ನಿ.

ವಾಪಸ್ ಬರುವಾಗ ಹೈವೇ 80ರಲ್ಲಿ, ಈ ಮೆರವಣಿಗೆಯ ಕಥೆ ಹೇಳುವ ಲೌಂಡ್ಸ್ ಕೇಂದ್ರಕ್ಕೆ ಹೋಗಿ. ಪ್ರವೇಶ ಉಚಿತ. ಅದೇ ರಸ್ತೆ ಪಕ್ಕದ ದಿಬ್ಬದ ಮೇಲೆ ವಯೋಲಾ ಲಿಯುಝೋ ಸ್ಮಾರಕ ಕಲ್ಲಿದೆ, ಸುತ್ತ ಕಬ್ಬಿಣದ ಬೇಲಿ. ನಮ್ಮೂರ ಹೊಲದ ಬದಿಯ ವೀರಗಲ್ಲಿನ ಹಾಗೆ, ಸತ್ತವರನ್ನು ಸತ್ತ ಜಾಗದ ಹತ್ತಿರವೇ ನೆನೆಯುವ ಕಲ್ಲು. ಐದು ಮಕ್ಕಳ ತಾಯಿ, ಡೆಟ್ರಾಯಿಟ್‌ನಿಂದ ಬಂದವರು. ಮೆರವಣಿಗೆ ಕೊನೆಗೂ ಮಾಂಟ್ಗೊಮೆರಿ ತಲುಪಿದ್ದು 1965ರ ಮಾರ್ಚ್ 25ರಂದು. ಆ ರಾತ್ರಿ, ನಡೆದು ದಣಿದವರನ್ನು ಕಾರಿನಲ್ಲಿ ಊರಿಗೆ ಬಿಡುತ್ತಿದ್ದ ಇವರನ್ನು, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಕ್ಲಾನ್ ಗುಂಪಿನವರು ಗುಂಡಿಟ್ಟು ಕೊಂದರು. ವಾಹನಗಳು ವೇಗವಾಗಿ ಬರುತ್ತವೆ, ರಸ್ತೆ ಬದಿ ನಿಲ್ಲಿಸುವಾಗ ಹುಷಾರು.

ಮಾಂಟ್ಗೊಮೆರಿಯ ಶಾಂತಿ ಮತ್ತು ನ್ಯಾಯ ಸ್ಮಾರಕವನ್ನು ಅದೇ ಸಂಜೆಗೆ ತುರುಕಬೇಡಿ. ಬಿಳಿಯರು ಗುಂಪು ಕಟ್ಟಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ 800ಕ್ಕೂ ಮೀರಿ ಉಕ್ಕಿನ ಕಂಬಗಳನ್ನು ಅಲ್ಲಿ ತೂಗುಹಾಕಿದ್ದಾರೆ. ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಬೆಳಿಗ್ಗೆ ನೋಡಿ. ವಾರವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಟಿಕೆಟ್ ತೆಗೆಯಿರಿ.